ದಿಮಾಕು ಯಾರದು, ದೌಲತ್ತು ಯಾರದು?

ನಮ್ಮ ಬಿಳಿಕೆರೆ, ಹುಣಸೂರು, ಎಚ್.ಡಿ. ಕೋಟೆ ಸೀಮೆಯಲ್ಲಿ ಈ ಮಾತು ಕೇಳದ ಕೇರಿಯವರು ಕಮ್ಮಿ. ಕೇರಿಯ ಹುಡುಗ ಇಸ್ತ್ರಿ ಅಂಗಿ ತೊಟ್ಟು ಊರ ಮುಂದೆ ಹಾದರೆ, ಕೆಲಸಕ್ಕೆ ಮುಂಚೆ ಕೂಲಿ ಎಷ್ಟು ಅಂತ ಕೇಳಿದರೆ, ಜಗಲಿಯಿಂದ ಬೀಳುತ್ತದೆ: 'ಏನ್ಲಾ, ದಿಮಾಕಾ?' ಅದೇ ಅಂಗಿಯನ್ನು ಯಜಮಾನರ ಮಗ ತೊಟ್ಟರೆ ಗತ್ತು. ಅದೇ ಪ್ರಶ್ನೆಯನ್ನು ಅವನು ಕೇಳಿದರೆ ವ್ಯವಹಾರ.

ಇಲ್ಲದ ದೊಡ್ಡಸ್ತಿಕೆ ತೋರಿಸುವವನಿಗೆ ದಿಮಾಕು ಅನ್ನುತ್ತಾರೆ. ಸರಿ, ಈ ಪದದ ಬುಡ ಅಗೆಯೋಣ. ಇದು ಅರಬ್ಬಿಯ 'ದಿಮಾಗ್'. ಅರ್ಥ, ಮಿದುಳು. ಜಮೀನು, ತಾಲ್ಲೂಕು, ದಫ್ತರುಗಳ ಹಾಗೆ ಪಾರ್ಸಿಯನ್ನು ಹಾದು ನಮ್ಮಲ್ಲಿಗೆ ಬಂದದ್ದು. ಹಿಂದಿಯಲ್ಲಿ ಇವತ್ತಿಗೂ ದಿಮಾಗ್ ಅಂದರೆ ಬುದ್ಧಿ. ಪಾರ್ಸಿಯಲ್ಲೇ ಅದಕ್ಕೆ ಜಂಬದ ಅರ್ಥವೂ ಅಂಟಿತ್ತು. ಕನ್ನಡದಲ್ಲಿ ಬುದ್ಧಿ ಉದುರಿಹೋಗಿ ಜಂಬ ಒಂದೇ ಉಳಿಯಿತು. ಆದರೆ ಜಗಲಿಯ ಮೇಲಿನವನಿಗೆ ಹಳೆಯ ಅರ್ಥ ಚೆನ್ನಾಗಿಯೇ ಗೊತ್ತಿರುವಂತಿದೆ. ಕೇರಿಯವನು ಮಿದುಳು ಉಪಯೋಗಿಸಿದಾಗಲೇ ಅಲ್ಲವೇ ಅವನು ದಿಮಾಕು ಅನ್ನುವುದು?

1973ರಲ್ಲಿ ಮೈಸೂರಿನಲ್ಲಿ ಏನಾಯಿತು? ದಲಿತ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಓದಿ ಒಪ್ಪಬಹುದಿತ್ತು, ಓದಿ ಜಗಳ ಆಡಬಹುದಿತ್ತು. ಬದಲಿಗೆ ಬೀದಿಗೆ ಇಳಿದರು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯದ ಬಗ್ಗೆ ತೀರ್ಪು ಕೊಡುವ ಮಿದುಳು ಇವನಿಗೆಲ್ಲಿಂದ ಬಂತು ಅನ್ನುವುದೇ ಆ ಸಿಟ್ಟಿನ ತಿರುಳು.

ಹಾಗಾದರೆ ಸುಳ್ಳು ದೊಡ್ಡಸ್ತಿಕೆ ಯಾರದು? ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆ ಅವತ್ತಿಗೇ ಸತ್ತವು. ತೋಟಿ, ತಳವಾರಿಕೆಗಳೂ ಹೋದವು. ಆದರೂ ಇವತ್ತು ಮೊಮ್ಮಗ 'ಪಟೇಲರ ಮನೆಯೋರು' ಅಂತ ಮೀಸೆ ತಿರುವುತ್ತಾನೆ. ಇತ್ತ ತೋಟಿಯ ಮೊಮ್ಮಗನಿಗೆ ಇನ್ನೂ ತಮಟೆ ಬಡಿಯಲು ಕರೆ ಬರುತ್ತದೆ. ಪಕ್ಕದ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿ 1974ರಲ್ಲಿ ಗೇಣಿ ಪದ್ಧತಿ ಮುರಿದರು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವರ ಪಾಲಿಗೆ ಬಂದದ್ದು ಅತ್ಯಲ್ಪ. ಕಾಗದದಲ್ಲಿ ಸತ್ತ ಅಧಿಕಾರ ನಾಲಗೆಯಲ್ಲಿ ಬದುಕಿದೆ. ಅದರ ಹೆಸರು ದೌಲತ್ತು.

ಈ ಪದವೂ ಅರಬ್ಬಿಯದೇ. 'ದೌಲತ್' ಅಂದರೆ ರಾಜ್ಯ, ಸಂಪತ್ತು. ಅದರ ಬೇರಿನಲ್ಲಿರುವ ಅರ್ಥ ತಿರುಗುವುದು, ಕೈಯಿಂದ ಕೈಗೆ ಹೋಗುವುದು. ಅಂದರೆ ಸರದಿ. ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಕಟ್ಟಿಸಿದ. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ಅಲ್ಲೇ ವಾಸ ಮಾಡಿದ. ಇವತ್ತು ಟಿಕೇಟು ಕೊಟ್ಟರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಸುಲ್ತಾನನ ದೌಲತ್ತೇ ಸರದಿಯ ಮೇಲೆ ಹೋಯಿತು. ಪಟೇಲನದು ಯಾವ ಲೆಕ್ಕ?

ಹಳ್ಳಿಯ ಮೇಷ್ಟ್ರುಗಳೇ, ಈ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ಬುಡದ ಅರ್ಥ ಹೇಳಿ. ನಾಳೆ ಜಗಲಿಯಿಂದ 'ಏನ್ಲಾ, ದಿಮಾಕಾ?' ಅಂತ ಕೇಳಿದರೆ ಹುಡುಗ ತಲೆ ಎತ್ತಿ ಹೇಳಲಿ: 'ಹೂಂ ಕಣಣ್ಣ, ದಿಮಾಕೇ. ಮಿದುಳು ಐತೆ. ಕೂಲಿ ಎಷ್ಟು ಹೇಳು.'