ನಕ್ಷೆ ನಂಬಿ ನಿದ್ದೆ ಹೋದರೆ ಹೇಗೆ?

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಹೆದರಿದ ಜನ ಮನೆ ಬಿಟ್ಟು ಹೊರಗೆ ಮಲಗಿದರು. ಇಂಥ ಹೊತ್ತಿನಲ್ಲಿ ಕಲಬುರಗಿಯ ಅಂಗಡಿಕಟ್ಟೆಯಿಂದ ಬಸ್ಸಿನ ಸೀಟಿನವರೆಗೆ ಒಂದೇ ಮಾತು: ರಿಕ್ಟರ್ ಎಷ್ಟಂತೆ?

ಆ ಅಂಕಿ ಹೇಳೋದು ಭೂಮಿಯೊಳಗೆ ಬಂಡೆ ಬಿರಿದಾಗ ಹೊರಬಿದ್ದ ಶಕ್ತಿ ಎಷ್ಟು ಅಂತ ಮಾತ್ರ. ಒಂದು ಭೂಕಂಪಕ್ಕೆ ಒಂದೇ ಅಂಕಿ. ಆದರೆ ನೆಲದ ಅಲುಗಾಟ ಊರಿಗೊಂದು ತರ, ಓಣಿಗೊಂದು ತರ. ಬಂಡೆ ಬಿರಿದ ಜಾಗ ಎಷ್ಟು ದೂರ, ಎಷ್ಟು ಆಳ, ಅಡಿಪಾಯದ ಕೆಳಗೆ ಕಲ್ಲೋ ಮೆತ್ತನೆ ಮಣ್ಣೋ ಎಂಬುದನ್ನೆಲ್ಲ ಕೂಡಿಸಿ ತಜ್ಞರು ಅಂದಾಜು ಕಟ್ಟುತ್ತಾರೆ. ಹಳೆಯ ಕಂಪನಗಳ ದಾಖಲೆಯೇ ಇದಕ್ಕೆ ಬಂಡವಾಳ. ದಾಖಲೆ ಕಮ್ಮಿಯಾದರೆ ಅಂದಾಜೂ ಎಡವುತ್ತದೆ.

ಹಾಗೆ ಎಡವಿದ್ದಕ್ಕೆ ಸಾಕ್ಷಿ ನೆರೆಯ ಕಿಲ್ಲಾರಿ. ಅಂದಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೇ ವಲಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಪ್ಪ ಕಲ್ಲು-ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೇ ಕುಸಿದವು. ಸತ್ತವರು ಸಾವಿರಾರು. 2002ರಲ್ಲಿ ನಕ್ಷೆ ತಿದ್ದಿ ಒಂದನೇ ವಲಯವನ್ನೇ ತೆಗೆದರು. ಕಿಲ್ಲಾರಿ ಮೂರನೇ ವಲಯಕ್ಕೆ ಏರಿತು. ಹೋದ ಜೀವ ಬಂದವೇ?

ದೂರವೂ ರಕ್ಷೆಯಲ್ಲ. 2001ರ ಜನವರಿ 26ರಂದು ಕಂಪನ ಹುಟ್ಟಿದ್ದು ಭುಜ್ ಬಳಿ. ಇನ್ನೂರು ಕಿಲೋಮೀಟರಿಗೂ ಆಚೆ, ಅಹಮದಾಬಾದಿನಲ್ಲಿ, ಹತ್ತಾರು ಬಹುಮಹಡಿ ಕಟ್ಟಡಗಳು ನೆಲಕಚ್ಚಿದವು. ಸಾಬರಮತಿಯ ಮೆಕ್ಕಲು ಮಣ್ಣು ಅಲುಗಾಟವನ್ನು ಹೆಚ್ಚಿಸಿತ್ತು. ಬಿದ್ದವುಗಳಲ್ಲಿ ಬಹಳಷ್ಟಕ್ಕೆ ಕೆಳ ಅಂತಸ್ತಿನಲ್ಲಿ ಗೋಡೆಯೇ ಇರಲಿಲ್ಲ. ವಾಹನ ನಿಲ್ಲಿಸಲೆಂದು ಬರೀ ಕಂಬದ ಮೇಲೆ ನಿಲ್ಲಿಸಿದ್ದರು.

ಈಗ ನಮ್ಮ ಪೇಟೆ ಕಡೆ ಕಣ್ಣು ಹಾಯಿಸಿ. ಕೆಳಗೆ ಷಟರು, ಮೇಲೆ ಮೂರು ಅಂತಸ್ತು. ರಸ್ತೆ ಕಡೆ ಗೋಡೆಯಿಲ್ಲ, ಭಾರವೆಲ್ಲ ಕಂಬಗಳ ಮೇಲೆ. ಒಂದು ಕಡೆ ಗಟ್ಟಿ ಕಲ್ಲು, ಇನ್ನೊಂದು ಕಡೆ ಆಳದ ಎರೆಮಣ್ಣು. ಜಿಲ್ಲೆಗೆಲ್ಲ ಒಂದು ಬಣ್ಣ ಬಳಿದ ನಕ್ಷೆ ಈ ವ್ಯತ್ಯಾಸ ತೋರಿಸುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಬೇಕು, ಕಂಬಕ್ಕೆ ತಕ್ಕ ಕಬ್ಬಿಣ ಹಾಕಬೇಕು. ಅಂತಸ್ತಿಗೆ ಪರವಾನಗಿ ಕೊಡುವವರು ಇವೆರಡನ್ನೂ ಕೇಳಬೇಕು.

ಭೂಕಂಪ ಯಾವತ್ತು ಬರುತ್ತೆ ಅಂತ ಯಾರೂ ಹೇಳಲಾರರು. ಬಂದರೆ ನೆಲ ಎಷ್ಟು ಅಲುಗೀತು ಎಂಬ ಅಂದಾಜಾದರೂ ಸಿಗುತ್ತದೆ. ಷಟರಿಗೆ ಬೀಗ ಹಾಕುವ ಮಾಲೀಕರು ಒಮ್ಮೆ ಕಂಬದ ಕಡೆಯೂ ನೋಡಲಿ!