ಭೋಜದ ಸಾತಗೌಡರನ್ನು ತೆರೆಗೆ ತರುವವರು ಯಾರು?

ಬೆಳಗಾವಿ ಜಿಲ್ಲೆಯಲ್ಲಿ ವೇದಗಂಗೆ, ದೂಧಗಂಗೆಗಳು ಕೂಡುವ ಭೋಜದ ಸೀಮೆಯಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡ ಪಾಟೀಲರು ಮುಂದೆ ದಿಗಂಬರ ಜೈನ ಮುನಿ ಆಚಾರ್ಯ ಶಾಂತಿಸಾಗರರಾದರು. ಅವರಂತೆಯೇ ಜೈನ ಮುನಿಗಳಾದವರಲ್ಲಿ ಚಿಕ್ಕೋಡಿ ಸೀಮೆಯ ಸದಲಗಾ ವಿದ್ಯಾಸಾಗರರ ಊರು, ಕೋಥಳಿ ದೇಶಭೂಷಣರದು. ಕಾಗವಾಡದ ಬಳಿಯ ಶೇಡಬಾಳ ವಿದ್ಯಾನಂದರದು. ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳಿದ್ದರು. ಇಷ್ಟು ವಿರಾಗಿಗಳನ್ನು ಕೊಟ್ಟ ನೆಲದಿಂದ, ಅವರ ಅಳುಕು, ಹಟ, ಗೊಂದಲಗಳನ್ನೂ ಮುಚ್ಚಿಡದ ಒಂದು ಒಳ್ಳೆಯ ಕನ್ನಡ ಸಿನಿಮಾ ಬರಬೇಕು.

ಸಂತರ ಕುಂದು ತೋರಿಸಿದರೆ ಭಕ್ತಿ ಕೆಡುತ್ತದೆ ಎನ್ನುವವರು ‘ಸಂತ ತುಕಾರಾಮ್’ ನೋಡಬೇಕು. ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದಲ್ಲಿ 1929ರಲ್ಲಿ ಶುರುವಾಗಿ ಆಮೇಲೆ ಪುಣೆಗೆ ಹೋದ ಪ್ರಭಾತ್ ಕಂಪನಿ 1936ರಲ್ಲಿ ತೆಗೆದ ಚಿತ್ರವದು. ಅಲ್ಲಿನ ತುಕಾರಾಮ ಸಂಸಾರ ತೂಗಿಸಲಾರದ ಗಂಡ. ಮನೆಯಲ್ಲಿ ಕಾಳಿಲ್ಲ, ಹೆಂಡತಿ ಬೈಯುತ್ತಾಳೆ, ಮಗು ಕಾಯಿಲೆ ಬಿದ್ದಾಗ ಚಪ್ಪಲಿ ಹಿಡಿದು ವಿಠಲನ ಗುಡಿಗೇ ನುಗ್ಗುತ್ತಾಳೆ. ಆ ಪಾತ್ರ ಮಾಡಿದ ಗೌರಿಯವರ ಸಿಟ್ಟಿನಲ್ಲಿ ಹಸಿದ ಮನೆಯ ಸತ್ಯವಿದೆ. ಮುಂಬೈಯಲ್ಲಿ ಚಿತ್ರ ವರ್ಷಕ್ಕೂ ಹೆಚ್ಚು ಕಾಲ ಓಡಿತು, 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ಮನ್ನಣೆ ಪಡೆಯಿತು. ತುಕಾರಾಮರ ಮೇಲಿನ ಪ್ರೀತಿ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ಜೈನ ಪುರಾಣಗಳಂತೂ ಈ ವಿಷಯದಲ್ಲಿ ಸಿನಿಮಾದವರಿಗಿಂತ ಧೈರ್ಯಶಾಲಿ. ಮಹಾವೀರರು ಹಿಂದಿನ ಭವಗಳಲ್ಲಿ ದಾರಿ ತಪ್ಪಿದ ಮುನಿ ಮರೀಚಿಯಾಗಿದ್ದರು, ಬೇಟೆಯಾಡುವ ಸಿಂಹವಾಗಿದ್ದರು. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಭರತ ಸ್ವಂತ ತಮ್ಮನ ಮೇಲೆ ಚಕ್ರ ಬಿಡುತ್ತಾನೆ. ಬಸದಿಗಳಲ್ಲಿ ಇವನ್ನು ಕೇಳುತ್ತ ಬೆಳೆದ ಶ್ರಾವಕರು, ಅಂದರೆ ಜೈನ ಗೃಹಸ್ಥರು, ತೆರೆಯ ಮೇಲಿನ ದೋಷಕ್ಕೆ ಬೆಚ್ಚಬೇಕಿಲ್ಲ.

ಆದರೆ ಒಂದು ಆಕ್ಷೇಪ ನಿಜಕ್ಕೂ ಗಂಭೀರವಾದದ್ದು. ದಿಗಂಬರ ಮುನಿಯ ವ್ರತ ವೇಷವಲ್ಲ. ಬಾಡಿಗೆಗೆ ಮುನಿಯ ನವಿಲುಗರಿ ಪಿಂಛಿ ಹಿಡಿದ ನಟನನ್ನು ಕಂಡರೆ ಭಕ್ತರಿಗೆ ನೋವಾಗುತ್ತದೆ. ಅದನ್ನು ಗೌರವಿಸಿಯೂ ಕಥೆ ಹೇಳಬಹುದು. ಸಾತಗೌಡರು ನಲವತ್ತು ದಾಟುವವರೆಗೂ ಮನೆಯಲ್ಲೇ ಇದ್ದರು. ಎಳವೆಯಲ್ಲೇ ಮದುವೆಯಾಯಿತು, ಕೆಲವೇ ತಿಂಗಳಲ್ಲಿ ಆ ಪುಟ್ಟ ಹೆಂಡತಿ ತೀರಿಕೊಂಡಳು; ವೈರಾಗ್ಯ ಬಲಿತರೂ ತಾಯಿತಂದೆ ಇರುವತನಕ ಮನೆ ಬಿಡಲಿಲ್ಲ. ಯರನಾಳದಲ್ಲಿ 1920ರ ಮುನಿದೀಕ್ಷೆಗೆ ಮೊದಲಿನ ಈ ಒಕ್ಕಲು ಬದುಕೇ ಒಂದು ಪೂರ್ತಿ ಚಿತ್ರಕ್ಕೆ ಸಾಕು.

ಕಠಿಣ ಭಾಗ ಇರುವುದು ಅವರ ಬದುಕಿನ ಕೊನೆಗೆ. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು. 1947ರ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಜೈನ ಮಂದಿರಗಳಿಗೂ ತಗಲುತ್ತದೆ ಎಂದಾಗ ಶಾಂತಿಸಾಗರರು ಅನ್ನ ಬಿಟ್ಟರು. 1951ರಲ್ಲಿ ಮುಂಬೈ ಹೈಕೋರ್ಟಿನ ತೀರ್ಪು ಜೈನರ ಪರವಾಗಿ ಬರುವತನಕ, ಸುಮಾರು ಮೂರು ವರ್ಷ, ಧಾನ್ಯ ಮುಟ್ಟಲಿಲ್ಲ. ಜೈನಧರ್ಮ ಬೇರೆ ಎಂಬ ಗುರುತು ಉಳಿಸಲು ನಡೆದ ತಪಸ್ಸು ಅದು ಎಂದು ಅನುಯಾಯಿಗಳು ಹೇಳುತ್ತಾರೆ. ಆ ವಾದದಲ್ಲಿ ಹುರುಳಿದೆ. ಆದರೂ ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಬಾಗಿಲು ತೆರೆಯುವ ಕಾಯ್ದೆಯ ಎದುರು ಅಷ್ಟು ದೊಡ್ಡ ದೇಹದಂಡನೆ ನಿಂತಿತೆಂಬುದೂ ಅಷ್ಟೇ ನಿಜ.

ಇದನ್ನು ಬಿಟ್ಟು ತೆಗೆದ ಚಿತ್ರ ಪಂಚಕಲ್ಯಾಣ ಉತ್ಸವದ ಜಾಹೀರಾತಾದೀತು. ಇದೊಂದನ್ನೇ ಹಿಡಿದು ಹೀಯಾಳಿಸಿದ ಚಿತ್ರ ಅನ್ಯಾಯವಾದೀತು. ಚಿತ್ರಕಥೆ ಬರೆಯುವವರು ಮೊದಲು ಭೋಜಕ್ಕೆ, ಯರನಾಳಕ್ಕೆ ಹೋಗಲಿ, ಹಿರಿಯ ಶ್ರಾವಕರ ಜೊತೆ ಕೂತು ಕೇಳಲಿ. ಅದೇ ಊರುಗಳ ದಲಿತ ಕೇರಿಗಳಿಗೂ ಹೋಗಲಿ. ಆ ಮೂರು ವರ್ಷಗಳ ಕಥೆಯಲ್ಲಿ ಅವರಿಗೂ ಪಾತ್ರವಿರಬೇಕು, ಮಾತಿರಬೇಕು.