ಯಜಮಾನಿಕೆಯೂ ಪಂಚಾಯಿತಿಯೂ

ಕುಟುಂಬವಾಗಲಿ ಕಾರ್ಯಸಂಘವಾಗಲಿ, ಕಡೆಯ ತೀರ್ಮಾನವು ಯಾರದೆಂಬುದು ನಿಶ್ಚಯವಾಗಿರದಿದ್ದರೆ ಕಲಹವು ತಪ್ಪದು. ಗಣಕಯಂತ್ರಗಳಿಗೆ ಸಾಫ್ಟ್‌ವೇರ್ ರಚಿಸುವ ಸಂಘಗಳಿಗೂ ಈ ಮಾತು ಸಲ್ಲುವುದೆಂಬುದಕ್ಕೆ ನಾವು ಒಂದು ನಿದರ್ಶನವನ್ನು ವಾಚಕರ ಮುಂದಿಡುತ್ತೇವೆ.

'ಪೈಥಾನ್' ಎಂಬ ಗಣಕಭಾಷೆಯನ್ನು ನೆದರ್‌ಲೆಂಡ್ಸ್ ದೇಶದ ಗೀಡೋ ವಾನ್ ರೋಸಮ್ ಎಂಬವರು 1991ರಲ್ಲಿ ಪ್ರಕಟಿಸಿದರು. ಅನೇಕರು ಸೇರಿ ಅದನ್ನು ಬೆಳೆಸಿದರೂ ಕಡೆಯ ಮಾತು ಅವರದೇ ಆಗಿತ್ತು. ಭಾಷೆಗೆ ಹೊಸ ಸಂಕೇತವೊಂದನ್ನು ಸೇರಿಸುವ ವಿಷಯದಲ್ಲಿ ಎದ್ದ ವಾಗ್ವಾದದಿಂದ ಬೇಸತ್ತು, 2018ರ ಜುಲೈ ತಿಂಗಳಲ್ಲಿ ಅವರು ಯಜಮಾನಿಕೆಯನ್ನು ತ್ಯಜಿಸಿದರು. ಉತ್ತರಾಧಿಕಾರಿಯನ್ನು ಮಾತ್ರ ನೇಮಿಸಲಿಲ್ಲ.

ಪ್ರಮುಖ ರಚನಕಾರರು ಏಳು ಯೋಜನೆಗಳನ್ನು ತೂಗಿನೋಡಿ, ಡಿಸೆಂಬರಿನಲ್ಲಿ ಮತಕೊಟ್ಟು, ಐವರ ಚುನಾಯಿತ ಮಂಡಲಿಯ ಪದ್ಧತಿಯನ್ನು ಆರಿಸಿಕೊಂಡರು. ಒಬ್ಬನೇ ಧಣಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚಿರಕೂಡದು; ಅಧಿಕಾರವು ವಿಶಾಲವಾದರೂ ಅದನ್ನು ಆದಷ್ಟು ಕಡಮೆಯಾಗಿ ಬಳಸತಕ್ಕದ್ದು. 2019ರ ಪ್ರಥಮ ಮಂಡಲಿಯಲ್ಲಿ ಹಿಂದಿನ ಯಜಮಾನರೂ ಐವರಲ್ಲೊಬ್ಬರಾಗಿ ಕುಳಿತರು.

ನಾಲ್ಕಾರು ಮಂದಿಯ ಗುಂಪಿಗೆ ಒಬ್ಬರ ಯಜಮಾನಿಕೆಯೇ ಸಾಕು. ಆದರೆ ಅವರ ತರುವಾಯ ನಿರ್ಧರಿಸತಕ್ಕವರು ಯಾರೆಂಬುದನ್ನು ಅವರಿರುವಾಗಲೇ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವೇನು?